ತೆರೆಯ ಮೇಲೆ ಶಾವೊಲಿನ್, ಬೆಟ್ಟದ ಮೇಲೆ ಚಿಂಗ್ ಶಾನ್

ಹಾಂಗ್‌ಕಾಂಗ್‌ನ ಪಶ್ಚಿಮಕ್ಕಿರುವ ಟ್ಯುಯೆನ್ ಮುನ್‌ನಲ್ಲಿ ಲೈಟ್ ರೈಲು ಇಳಿದು ಏರುದಾರಿ ಹಿಡಿದರೆ ಸ್ವಲ್ಪ ಹೊತ್ತಿಗೇ ಏದುಸಿರು ಬರುತ್ತದೆ. ಬಹುಮಹಡಿ ಕಟ್ಟಡಗಳ ಗದ್ದಲ ಕೆಳಗೇ ಉಳಿಯುತ್ತದೆ. ಮರಗಳ ನಡುವೆ ಒಂದು ಕಲ್ಲಿನ ಕಮಾನು. ಅದರ ಮೇಲಿನ ಚೀನೀ ಅಕ್ಷರಗಳು 1925ರಿಂದ 1930ರವರೆಗೆ ಇಲ್ಲಿ ಗವರ್ನರ್ ಆಗಿದ್ದ ಸೆಸಿಲ್ ಕ್ಲೆಮೆಂಟಿಯ ಬರಹ. ಮುಂದೆ ಸಿಗುವುದೇ ಚಿಂಗ್ ಶಾನ್ ಬೌದ್ಧ ವಿಹಾರ.

ಬ್ರೂಸ್ ಲೀ ಅಭಿಮಾನಿಗಳಿಗೆ ಇದು ‘ಎಂಟರ್ ದ ಡ್ರ್ಯಾಗನ್’ನ ಶಾವೊಲಿನ್. ನಿಜವಾದ ಶಾವೊಲಿನ್ ಇರುವುದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರದ ಹೆನಾನ್ ಪ್ರಾಂತ್ಯದಲ್ಲಿ. ಆಗ ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿಯ ಕಾಲ. ಹಾಲಿವುಡ್ ಕ್ಯಾಮೆರಾ ಅಲ್ಲಿಗೆ ಹೋಗುವ ಮಾತೇ ಇರಲಿಲ್ಲ. ಹಾಗಾಗಿ ಆ ಪಾತ್ರ ಈ ಬೆಟ್ಟದ ಪಾಲಿಗೆ ಬಂತು. ಚಿತ್ರ ತೆರೆಕಂಡದ್ದು 1973ರ ಆಗಸ್ಟ್‌ನಲ್ಲಿ. ಅದನ್ನು ನೋಡಲು ಲೀ ಇರಲಿಲ್ಲ. ಜುಲೈ 20ರಂದು, 32ನೇ ವಯಸ್ಸಿಗೇ ತೀರಿಕೊಂಡಿದ್ದರು.

ಇಲ್ಲಿ ಚಿತ್ರೀಕರಣವಾದದ್ದು ಗುರು ಮತ್ತು ಶಿಷ್ಯ ನಿಧಾನವಾಗಿ ನಡೆಯುತ್ತಾ ಮಾತಾಡುವ ದೃಶ್ಯ. ಎದುರಾಳಿ ಭ್ರಮೆಯ ಹಿಂದೆ ಅಡಗಿರುತ್ತಾನೆ, ಮೊದಲು ಆ ಭ್ರಮೆಯನ್ನು ಒಡೆಯಬೇಕು ಎಂಬುದು ಆ ಮಾತಿನ ಸಾರ. ಲೀ ಬಹಳ ಆಸೆಪಟ್ಟು ಸೇರಿಸಿದ್ದ ಈ ಸಂಭಾಷಣೆಗೆ ಅಮೆರಿಕದ ಮೂಲ ಪ್ರತಿಯಲ್ಲಿ ಕತ್ತರಿ ಬಿತ್ತು. ಹೊಡೆದಾಟ ಉಳಿಯಿತು, ಅದರ ಹಿಂದಿನ ವಿಚಾರ ಹೋಯಿತು. ಅದು ಮರಳಿ ಸೇರಿದ್ದು 25 ವರ್ಷಗಳ ಬಳಿಕ, 1998ರ ಆವೃತ್ತಿಯಲ್ಲಿ.

ವಿಹಾರದ ನೆನಪು ಸಿನಿಮಾಕ್ಕಿಂತ ಎಷ್ಟೋ ಹಳೆಯದು. 5ನೇ ಶತಮಾನದಲ್ಲಿ ಮರದ ಬಟ್ಟಲಲ್ಲಿ ಕುಳಿತು ನೀರು ದಾಟುತ್ತಿದ್ದ ಭಿಕ್ಷುವೊಬ್ಬ ಇಲ್ಲಿ ನೆಲೆಸಿದ್ದನೆಂದು ಐತಿಹ್ಯ. ಜನ ಅವನನ್ನು ಕರೆದದ್ದೂ ಪುಯ್ ಟೊ, ಅಂದರೆ ಬಟ್ಟಲಲ್ಲಿ ದಾಟಿದವನು ಎಂದೇ. ಈಗಿನ ಕಟ್ಟಡಗಳಲ್ಲಿ ಹೆಚ್ಚಿನವು ಕಳೆದ ಶತಮಾನದ ಮೊದಲ ದಶಕಗಳವು. ಅವುಗಳ ಹಿಂದಿನ ಬಂಡೆಯ ಗುಹೆಯಲ್ಲಿ ಅವನ ಕಲ್ಲಿನ ವಿಗ್ರಹವಿದೆ.

ಲೀ ಚಿತ್ರವಿರುವ ಫಲಕದೆದುರು ಬಂದವರು ಮುಷ್ಟಿ ಬಿಗಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಪ್ರೀತಿಯಲ್ಲಿ ತಪ್ಪೇನಿಲ್ಲ; ಅದೇ ಅವರನ್ನು ಇಷ್ಟು ಎತ್ತರಕ್ಕೆ ಹತ್ತಿಸಿದ್ದು. ಆದರೆ ಫೋಟೊ ಮುಗಿಯಿತೆಂದು ಇಳಿದುಬಿಟ್ಟರೆ, ಈ ಜಾಗಕ್ಕೆ ಮತ್ತೊಮ್ಮೆ ಕತ್ತರಿ ಹಾಕಿದಂತೆ. ಫಲಕ ದಾಟಿ, ಊದುಬತ್ತಿಯ ಹೊಗೆ ದಾಟಿ, ಆ ಗುಹೆಯವರೆಗೂ ನಡೆಯಬೇಕು.