ಶುದ್ಧೀಕರಿಸಿದ ಕೊಳಚೆ ನೀರು ಜಲಾಶಯದಲ್ಲಿ ಹೇಗೆ ಬೆರೆಯುತ್ತದೆ?

ಕೊಳಚೆ ನೀರನ್ನು ಶುದ್ಧೀಕರಿಸಿ ಕುಡಿಯುವ ನೀರಿನ ಜಲಾಶಯಕ್ಕೆ ಬಿಡುತ್ತಾರೆಂದರೆ ಹೇಸಿಗೆ ಎನಿಸುವುದು ಸಹಜ. ಆದರೆ ಸಿಂಗಪುರದಲ್ಲಿ 2003ರಿಂದ ಇಂಥ ನೀರಿನ ಸ್ವಲ್ಪ ಭಾಗವನ್ನು ಜಲಾಶಯಗಳಿಗೆ ಸೇರಿಸಲಾಗುತ್ತಿದೆ. ಅದಕ್ಕೆ ಮುಂಚೆ ಅತಿ ಸೂಕ್ಷ್ಮ ಪೊರೆಗಳಲ್ಲಿ ಸೋಸಿ, ಅತಿನೇರಳೆ ಕಿರಣ ಹಾಯಿಸಿ ರೋಗಾಣುಗಳನ್ನು ನಾಶಪಡಿಸುತ್ತಾರೆ.

ಹಾಗಿದ್ದರೆ ನೇರವಾಗಿ ನಲ್ಲಿಗೇ ಬಿಡಬಹುದಲ್ಲ, ಜಲಾಶಯವೇಕೆ? ಯಂತ್ರ ಎಂದಾದರೂ ಕೆಡಬಹುದು. ಆ ದಿನದ ನೀರು ಅಪಾರ ಜಲರಾಶಿಯಲ್ಲಿ ಬೆರೆತರೆ ಅದರಲ್ಲಿರುವ ರೋಗಾಣುಗಳ ಪ್ರಮಾಣ ತಗ್ಗುತ್ತದೆ. ದೋಷ ಕಂಡುಹಿಡಿದು ಸರಿಪಡಿಸಲು ಸಮಯವೂ ಸಿಗುತ್ತದೆ.

ಆದರೆ ಜಲಾಶಯ ದೊಡ್ಡದಾಗಿದ್ದ ಮಾತ್ರಕ್ಕೆ ನೀರು ತಾನಾಗಿ ಬೆರೆಯುವುದಿಲ್ಲ. ಬಚ್ಚಲ ಹಂಡೆಯನ್ನೇ ನೋಡಿ. ಮೇಲಿನ ನೀರು ಸುಡುತ್ತಿದ್ದರೂ ತಳದ ನೀರು ಕೆಲವೊಮ್ಮೆ ತಣ್ಣಗಿರುತ್ತದೆ. ಬೇಸಿಗೆಯಲ್ಲಿ ಆಳವಾದ ಜಲಾಶಯದಲ್ಲೂ ಹೀಗೆಯೇ ಪದರಗಳಾಗುತ್ತವೆ. ಹೊಸ ನೀರು ಒಂದೇ ಪದರದಲ್ಲಿ ಜಾರಿ, ಬೆರೆಯದೆಯೇ ನೀರೆತ್ತುವ ಕೊಳವೆಯನ್ನು ಬೇಗ ತಲುಪಬಹುದು. ಗಾಳಿಯ ದಿಕ್ಕು, ನೀರಿನ ಮಟ್ಟಗಳೂ ಇದನ್ನು ಬದಲಿಸುತ್ತವೆ.

ಆದುದರಿಂದ ತಜ್ಞರು ಸುಲಭವಾಗಿ ಗುರುತಿಸಬಹುದಾದ ನಿರಪಾಯಕಾರಿ ವಸ್ತುವೊಂದನ್ನು ನೀರಿಗೆ ಬೆರೆಸಿ, ಅದು ಎಲ್ಲಿ, ಎಷ್ಟು ದಿನಗಳಲ್ಲಿ, ಎಷ್ಟು ಪ್ರಮಾಣದಲ್ಲಿ ಕಾಣಿಸುತ್ತದೆಂದು ಅಳೆಯುತ್ತಾರೆ. ಬೇರೆ ಬೇರೆ ಋತುಗಳ ಸ್ಥಿತಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ 2018ರ ನಿಯಮದಂತೆ, ಜಲಾಶಯದಿಂದ ಎತ್ತುವ ನೀರಿನಲ್ಲಿ ಯಾವುದೇ ಒಂದು ದಿನ ಬಿಟ್ಟ ಸಂಸ್ಕರಿತ ನೀರು ಶೇಕಡಾ 1ನ್ನು ಮೀರಬಾರದು. ಹೆಚ್ಚುವರಿ ಶುದ್ಧೀಕರಣವಿದ್ದರೆ ಶೇಕಡಾ 10ರವರೆಗೆ ಇರಬಹುದು. ಇದನ್ನು ಇಂಥ ಪರೀಕ್ಷೆಯಿಂದಲೇ ತೋರಿಸಬೇಕು. ಎತ್ತಿದ ನೀರನ್ನು ಮತ್ತೊಮ್ಮೆ ಶುದ್ಧೀಕರಿಸಿದ ಮೇಲೆಯೇ ಮನೆಗಳಿಗೆ ಬಿಡುತ್ತಾರೆ.

ನಮ್ಮಲ್ಲಿ 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗಿದೆ. ಇದರೊಡನೆ ಸಿಂಗಪುರದ ನೀರನ್ನು ಹೋಲಿಸಬಾರದು. ಈ ಯೋಜನೆ ರೂಪುಗೊಂಡದ್ದು ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರಿನಿಂದ ಅಂತರ್ಜಲ ಹೆಚ್ಚಿಸಲು; ಕೆರೆಯ ನೀರನ್ನು ನೇರವಾಗಿ ಕುಡಿಯಲು ಅಲ್ಲ.

ವಾಂತಿಭೇದಿ, ವಿಷಮಶೀತ ಜ್ವರ, ಕೆಲವು ಬಗೆಯ ಕಾಮಾಲೆ ನೀರಿನಿಂದಲೂ ಹರಡುತ್ತವೆ. ನೀರಿನ ಬಗ್ಗೆ ಸಂಶಯವಿದ್ದರೆ ಅದನ್ನು ಕುದಿ ಬಂದ ಮೇಲೂ ಒಂದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಿಡಿ. ಆದರೆ ಕುದಿಸುವುದರಿಂದ ರೋಗಾಣು ಸಾಯುತ್ತವೆಯೇ ಹೊರತು ರಾಸಾಯನಿಕಗಳು ಹೋಗುವುದಿಲ್ಲ. ಕೊಳವೆ ಬಾವಿಯ ನೀರು ಕುಡಿಯುವವರು ಅದನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.