ಒಂದೇ ಕೃತಿ, ಎರಡು ಉಸಿರು

ಬ್ರಾಮ್ಸ್ 1891ರಲ್ಲಿ ಬರೆದ ಕ್ಲಾರಿಯೊನೆಟ್ ಕ್ವಿಂಟೆಟ್‌ನ ಎರಡನೇ ಭಾಗವನ್ನು ಇಂಗ್ಲಿಷ್ ವಾದಕ ರೆಜಿನಾಲ್ಡ್ ಕೆಲ್ ನುಡಿಸಿದಂತೆ ಕೇಳಿ, ಬೆನ್ನಿಗೇ ಕಾರ್ಲ್ ಲೈಸ್ಟರ್ ನುಡಿಸಿದ್ದನ್ನು ಕೇಳಿ. ವಾದ್ಯವೇ ಬೇರೆಯೇನೋ ಅನ್ನಿಸುತ್ತದೆ.

ವಾದ್ಯವೂ ಕೊಂಚ ಬೇರೆಯೇ, ನಿಜ. ಲೈಸ್ಟರ್ 1959ರಿಂದ 1993ರವರೆಗೆ ಬರ್ಲಿನ್ ಫಿಲ್‌ಹಾರ್ಮೋನಿಕ್‌ನ ಪ್ರಧಾನ ಕ್ಲಾರಿಯೊನೆಟ್ ವಾದಕರು. ಅಲ್ಲಿ ನಡೆಯುವುದು ಜರ್ಮನ್ ಪದ್ಧತಿ: ಕಿರಿದಾದ ರೀಡ್, ಅದನ್ನು ಮೌತ್‌ಪೀಸಿಗೆ ದಾರ ಸುತ್ತಿ ಕಟ್ಟುವ ರೂಢಿ. ಅವರ ನಾದ ಗಾಢ, ಗೆರೆ ಎಳೆದಷ್ಟು ನೇರ. ಒಂದು ಸ್ವರ ಮುಗಿದು ಇನ್ನೊಂದು ಹುಟ್ಟಿದ ಜಾಗ ಕಿವಿಗೆ ಸಿಗುವುದೇ ಇಲ್ಲ.

ಕೆಲ್ ಹಾಗಲ್ಲ. 1937ರಲ್ಲಿ ಬುಶ್ ಕ್ವಾರ್ಟೆಟ್ ಜೊತೆಗಿನ ಧ್ವನಿಮುದ್ರಣದಲ್ಲಿ ಅವರ ಸ್ವರ ಮನುಷ್ಯರ ಗಂಟಲಿನಂತೆ ತುಸು ನಡುಗುತ್ತದೆ. ಓಬೋ ವಾದಕ ಲಿಯಾನ್ ಗೂಸನ್ಸ್ ಅವರ ನುಡಿಕೆಗೆ ಮನಸೋತು ಕೆಲ್ ಈ ಕಂಪನವನ್ನು, ಅಂದರೆ ವೈಬ್ರಾಟೊವನ್ನು, ತಮ್ಮದಾಗಿಸಿಕೊಂಡರು. ಕ್ಲಾರಿಯೊನೆಟ್‌ಗೆ ಅದು ಸಲ್ಲದು ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಇದನ್ನು ಇಂಗ್ಲಿಷ್ ಶೈಲಿ ಎನ್ನಲೂ ಬರುವುದಿಲ್ಲ; ಅದೇ ಕಾಲದ ಲಂಡನ್ನಿನಲ್ಲಿ ಫ್ರೆಡರಿಕ್ ಥರ್ಸ್ಟನ್ ಕಂಪನವಿಲ್ಲದೆ ನುಡಿಸುತ್ತಿದ್ದರು. ಹಾಗಾಗಿ ನಾದವನ್ನು ದೇಶದ ಲೆಕ್ಕಕ್ಕೆ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ವಾದ್ಯ ಒಂದಷ್ಟು ನಿರ್ಧರಿಸುತ್ತದೆ, ಉಳಿದದ್ದು ತುಟಿ ಮತ್ತು ಉಸಿರಿನದು.

ತುಟಿಯ ಮಾತು ಬೆನ್ನಿ ಗುಡ್‌ಮನ್‌ಗೆ ಗೊತ್ತಿತ್ತು. ಜಾಝ್ ಲೋಕದ ದೊರೆ ಎನಿಸಿಕೊಂಡ ಮೇಲೆ, ನಲವತ್ತರ ಹೊಸ್ತಿಲಲ್ಲಿ ಅವರು ಕೆಲ್ ಬಳಿ ಪಾಠಕ್ಕೆ ಕೂತರು. ಮೇಲಿನ ಹಲ್ಲನ್ನು ಮೌತ್‌ಪೀಸಿಗೆ ಊರುವ ಅಭ್ಯಾಸ ಬಿಟ್ಟು, ಎರಡೂ ತುಟಿಗಳ ನಡುವೆ ಅದನ್ನು ಹಿಡಿಯಲು ಹೊಸದಾಗಿ ಕಲಿತರು. ಆ ವಿನಯ ನೆನೆದರೆ ಕೈಮುಗಿಯಬೇಕು ಅನ್ನಿಸುತ್ತದೆ.

ನಮ್ಮ ರಾಯಚೂರು ಸೀಮೆಯ ನರಸಿಂಹಲು ವಡವಾಟಿ ಈ ವಾದ್ಯದಲ್ಲಿ ಹಿಂದೂಸ್ತಾನಿ ರಾಗ ನುಡಿಸಿದವರು. ಸ್ವರದಿಂದ ಸ್ವರಕ್ಕೆ ಮೀಂಡ್ ಎಳೆಯಬೇಕಾದ ಆ ಸಂಗೀತದಲ್ಲಿ ಜಾರುವುದು, ತೂಗುವುದೇ ರಾಗದ ಜೀವ. ಆ ಕಿವಿಯಿಂದ ಬಂದ ನನಗೆ ಕೆಲ್ ಕೂಡಲೇ ಹತ್ತಿರವಾದದ್ದು ಸಹಜ.

ಆದರೂ ಲೈಸ್ಟರ್ ಅವರನ್ನು ಬಿಡಲಾರೆ. ಎರಡನೇ ಭಾಗದ ಆರಂಭದಲ್ಲಿ ತಂತಿವಾದ್ಯಗಳು ಸದ್ದಡಗಿಸಿ ನುಡಿಯುವಾಗ, ಅವುಗಳ ಮೇಲೆ ತೇಲುವ ಆ ಉದ್ದದ ರಾಗಕ್ಕೆ ಅವರ ನಿಶ್ಚಲ ನಾದವೇ ಬೇಕು. ನಡುವೆ ಹಂಗೇರಿಯ ಅಲೆಮಾರಿ ವಾದಕರ ಧಾಟಿಯಲ್ಲಿ ಕ್ಲಾರಿಯೊನೆಟ್ ಒಮ್ಮೆಲೇ ಭೋರ್ಗರೆಯುತ್ತದಲ್ಲ, ಅಲ್ಲಿ ಕೆಲ್ ಅವರನ್ನು ಮೀರಿಸಿದವರನ್ನು ನಾನು ಕೇಳಿಲ್ಲ.