ಗೋಡೆಯ ಮೇಲಿನ ಊರು: ಮುಂಬೈ ಉಪನಗರಗಳ ಕನ್ನಡಿಗರ ಹಳ್ಳಿ ನೆನಪಿಗೆ ಫೋಟೊ ಒಂದೇ ಸಾಕೇ?

ಡೊಂಬಿವಲಿಯಲ್ಲೇ ಹುಟ್ಟಿ, ಅಲ್ಲೇ ಓದಿದ ಕನ್ನಡ ಮನೆಯ ಹುಡುಗಿಯನ್ನು 'ನಿನ್ನ ಊರು ಯಾವುದು' ಎಂದು ಕೇಳಿ ನೋಡಿ. ಡೊಂಬಿವಲಿ ಎಂಬ ಉತ್ತರ ಬರುವುದು ಕಡಿಮೆ. ಕುಂದಾಪುರ, ಕಾರ್ಕಳ ಅಥವಾ ಕುಮಟಾ ಎನ್ನುತ್ತಾಳೆ. ಮೇ ರಜೆಯಲ್ಲಿ ಹತ್ತು ದಿನ ಕಂಡ ಜಾಗ ಅದು. ಉಳಿದ ದಿನಗಳಲ್ಲಿ ಆ ಊರು ಇರುವುದು ಫ್ಲಾಟಿನ ಗೋಡೆಯ ಮೇಲೆ. ಹಂಚಿನ ಮನೆ, ಅಂಗಳದ ತುಳಸಿಕಟ್ಟೆ, ಹಿಂದೆ ತೆಂಗಿನ ಮರಗಳು. ಈಗ ಅದೇ ಊರು ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲೂ ಇದೆ. ಮೊದಲ ಮಳೆ, ನಾಟಿಯ ಗದ್ದೆ, ಹಲಸಿನ ಹಣ್ಣು ಎಲ್ಲವೂ ಬೆಳಗ್ಗೆಯ ಲೋಕಲ್ ರೈಲು ಹತ್ತುವ ಮೊದಲೇ ಮೊಬೈಲಿಗೆ ಬಂದು ಬೀಳುತ್ತವೆ.

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ದೊಡ್ಡ ಪಾಲು ಕರಾವಳಿಯವರದು. ಹಿಂದೆ ಹಡಗಿನಲ್ಲಿ, ಆಮೇಲೆ ಘಟ್ಟದ ಬಸ್ಸಿನಲ್ಲಿ, 1998ರಿಂದ ಕೊಂಕಣ ರೈಲಿನಲ್ಲಿ ಬಂದವರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಕಥೆ ಇಲ್ಲಿ ಬಹಳ ಮನೆಗಳದ್ದು. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರೂ ಇದ್ದಾರೆ. 'ನಮ್ಮ ಹಳ್ಳಿ ಎಷ್ಟು ಚೆಂದ' ಎಂಬ ಚಿತ್ರಗಳಲ್ಲಿ ಅವರ ಬರದ ಊರುಗಳು ಮಾತ್ರ ಅಷ್ಟಾಗಿ ಕಾಣುವುದಿಲ್ಲ.

ಫೋಟೊ ಹೇಳದ್ದನ್ನು ಕಥೆ ಹೇಳಿತು

ಫೋಟೊದ ಗುಣವೇ ಅದು, ಚೌಕಟ್ಟಿನೊಳಗೆ ಬಂದದ್ದಷ್ಟೇ ಉಳಿಯುತ್ತದೆ. ಮನೆಯ ಮುಂದೆ ಸಾಲಾಗಿ ನಿಂತವರು ಕಾಣುತ್ತಾರೆ. ಆ ಮನೆಯನ್ನು ಬಿಟ್ಟು ಒಬ್ಬ ಹುಡುಗ ಹದಿನಾಲ್ಕನೇ ವಯಸ್ಸಿಗೆ ಮುಂಬೈ ಹೋಟೆಲಿಗೆ ಯಾಕೆ ಹೊರಟ ಎಂಬುದು ಕಾಣುವುದಿಲ್ಲ. ಸಾಲ, ಗೇಣಿ, ಜಾತಿ, ದಾಯಾದಿ ಜಗಳ ಯಾವುದೂ ಕ್ಯಾಮೆರಾಕ್ಕೆ ಪೋಸು ಕೊಡುವುದಿಲ್ಲ. 1974ರ ಭೂಸುಧಾರಣೆಯ ನಂತರ ಅದೇ ಮನೆಯ ನೆನಪು ಎರಡಾಯಿತು. ಒಡೆಯನ ಮನೆಯವರಿಗೆ ಅದು ಕಳೆದುಕೊಂಡ ಗದ್ದೆ, ಒಕ್ಕಲಿನವರಿಗೆ ಮೊದಲ ಬಾರಿ ಸ್ವಂತವಾದ ಗದ್ದೆ. ಫೋಟೊ ಮಾತ್ರ ಒಂದೇ.

ಕ್ಯಾಮೆರಾಕ್ಕೆ ಕಾಣದ ಈ ಕಾರಣಗಳನ್ನು ಹೇಳಿದ್ದು ಮುಂಬೈಯಲ್ಲಿ ಕೂತು ಬರೆದ ಕನ್ನಡ ಕಥೆಗಾರರು. 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ರಾಸಾಯನಿಕ ಉದ್ಯಮದಲ್ಲಿ ಕೆಲಸ ಮಾಡುತ್ತ ಬಾಂದ್ರಾದಲ್ಲಿ ಬಾಳಿದರು, 2014ರಲ್ಲಿ ಮುಂಬೈಯಲ್ಲೇ ತೀರಿಕೊಂಡರು. ಕಥೆಗಳಲ್ಲಿ ಮಾತ್ರ ಮತ್ತೆ ಮತ್ತೆ ಹನೇಹಳ್ಳಿಗೇ ಹೋದರು. ಅವರ ಹನೇಹಳ್ಳಿ ಕ್ಯಾಲೆಂಡರಿನ ಹಳ್ಳಿಯಲ್ಲ. ಅಲ್ಲಿ ಭಯವಿದೆ, ಗುಟ್ಟುಗಳಿವೆ, ಸಾವಿದೆ. 1979ರ 'ಶಿಕಾರಿ' ಕಾದಂಬರಿಯ ನಾಗಪ್ಪನನ್ನು ಬೆನ್ನಟ್ಟುವುದು ಕಂಪನಿಯ ರಾಜಕೀಯ ಮಾತ್ರವಲ್ಲ, ಬಾಲ್ಯವೂ ಹೌದು.

ಪಕ್ಕದ ಗೋಕರ್ಣದಿಂದ ಬಂದ ಜಯಂತ ಕಾಯ್ಕಿಣಿ ಇನ್ನೊಂದು ದಾರಿ ಹಿಡಿದರು. ಊರು ಒಳ್ಳೆಯದು, ಶಹರ ಕೆಟ್ಟದ್ದು ಎಂಬ ಹಳೆಯ ಲೆಕ್ಕ ಅವರ ಕಥೆಗಳಲ್ಲಿ ನಡೆಯುವುದಿಲ್ಲ. ಚಾಳು, ಲೋಕಲ್ ರೈಲು, ಸಿನಿಮಾ ಟಾಕೀಸುಗಳ ನಡುವೆಯೇ ಜನ ಒಬ್ಬರಿಗೊಬ್ಬರು ಊರಾಗುತ್ತಾರೆ. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದ ಆ ಮುಂಬೈ ಕಥೆಗಳ ಸಂಕಲನ 'ನೋ ಪ್ರೆಸೆಂಟ್ಸ್ ಪ್ಲೀಸ್'ಗೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ಮಿತ್ರಾ ವೆಂಕಟ್ರಾಜ್ ಅವರ ಕಾದಂಬರಿಯೊಂದರ ಹೆಸರು 'ಪಾಚಿ ಕಟ್ಟಿದ ಪಾಗಾರ'. ಪಾಚಿ ಹಿಡಿದ ಪಾಗಾರ ಫೋಟೊದಲ್ಲಿ ಬಹಳ ಚೆಂದ ಕಾಣುತ್ತದೆ. ಆ ಪಾಗಾರದ ಒಳಗೆ ಬಾಳಿದವರನ್ನು ಕೇಳಿದರೆ ಬೇರೆ ಮಾತು ಬಂದೀತು.

ಹಾಗೆಂದು ಫೋಟೊಗ್ರಾಫರುಗಳೆಲ್ಲ ಚೆಂದವನ್ನಷ್ಟೇ ಹುಡುಕಿದರು ಎನ್ನುವಂತಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಕಪ್ಪುಬಿಳುಪಿನಲ್ಲಿ ಸಾಮಾನ್ಯ ಜನರನ್ನು ಹಿಡಿದಿಟ್ಟವರು. ಮುಂಬೈಯಿಂದ ಪ್ರಕಟವಾಗುತ್ತಿದ್ದ 'ಇಲಸ್ಟ್ರೇಟೆಡ್ ವೀಕ್ಲಿ'ಯಲ್ಲೂ ಅವರು ಕೆಲಸ ಮಾಡಿದ್ದರು. ಮನುಷ್ಯರ ಮುಖ ಬಿಟ್ಟು ಬರೀ ತೋಟ, ಗದ್ದೆ ತೋರಿಸಿ ಇದೇ ಹಳ್ಳಿ ಎನ್ನುವ ಅಭ್ಯಾಸ ಅವರದಲ್ಲ.

ಅಮೆರಿಕದಲ್ಲೂ ಇದೇ ತಕರಾರು

ಹಳ್ಳಿಯ ಹಂಬಲವನ್ನು ಅಮೆರಿಕದಷ್ಟು ದೊಡ್ಡ ಪ್ರಮಾಣದಲ್ಲಿ ಚಿತ್ರಕ್ಕಿಳಿಸಿದ ದೇಶ ಇನ್ನೊಂದಿರಲಿಕ್ಕಿಲ್ಲ. ನಾರ್ಮನ್ ರಾಕ್‌ವೆಲ್ 1916ರಿಂದ 1963ರವರೆಗೆ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಪತ್ರಿಕೆಗೆ 300ಕ್ಕೂ ಹೆಚ್ಚು ಮುಖಪುಟ ಬರೆದರು. ಸಣ್ಣ ಊರು, ನಗುವ ಅಜ್ಜ, ತುಂಬಿದ ಊಟದ ಮೇಜು. ಅದೇ ಕಾಲದಲ್ಲಿ, 1936ರಲ್ಲಿ, ಡೊರೊಥಿಯಾ ಲ್ಯಾಂಜ್ ಕ್ಯಾಲಿಫೋರ್ನಿಯಾದ ಬಟಾಣಿ ಕೊಯ್ಯುವವರ ಬಿಡಾರದಲ್ಲಿ ಒಬ್ಬ ತಾಯಿಯ ಫೋಟೊ ತೆಗೆದರು. 'ವಲಸೆ ತಾಯಿ' ಎಂದು ಅದು ಜಗತ್ತಿಗೇ ಗೊತ್ತಾಯಿತು. ಆದರೆ ಲ್ಯಾಂಜ್ ಆಕೆಯ ಹೆಸರು ಕೇಳಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಹೊರಜಗತ್ತಿಗೆ ತಿಳಿದದ್ದು 1978ರಲ್ಲಿ, 42 ವರ್ಷಗಳ ನಂತರ.

ಫೋಟೊ ಮತ್ತು ಕಾದಂಬರಿಯನ್ನು ಒಂದೇ ಪುಸ್ತಕದಲ್ಲಿ ಕೂಡಿಸಿದವರು ನೆಬ್ರಾಸ್ಕಾದ ರೈಟ್ ಮಾರಿಸ್. 1948ರ 'ದಿ ಹೋಮ್ ಪ್ಲೇಸ್'ನಲ್ಲಿ ಕಥೆಯ ಪುಟಗಳ ಎದುರು ಅವರೇ ತೆಗೆದ ಫೋಟೊಗಳಿವೆ. ಹಳೆಯ ಕುರ್ಚಿ, ಸವೆದ ಬಾಗಿಲು, ಗೋಡೆಗೆ ತೂಗುಬಿಟ್ಟ ವಸ್ತುಗಳು. ಊರಿಗೆ ಮರಳಿದವನಿಗೆ ಅಲ್ಲಿ ಇನ್ನು ನೆಲೆಸಲು ಆಗುತ್ತದೆಯೇ ಎಂಬುದೇ ಆ ಕಥೆಯ ಪ್ರಶ್ನೆ. ಇಂಥ ಒಂದು ಪುಸ್ತಕ ಡೊಂಬಿವಲಿಯ ಕನ್ನಡ ಮನೆಗಳ ಬಗ್ಗೆ ಬಂದರೆ ಓದುವವರಿಗೆ ಕೊರತೆಯಾಗದು.

ಕಾಲ ಕೆಳಗಿನ ಹಳ್ಳಿ

ಇನ್ನೊಂದು ಮಾತು ಈ ನೆನಪುಗಳ ನಡುವೆ ಮರೆತೇಹೋಗುತ್ತದೆ. ನವಿ ಮುಂಬೈಯ ಫ್ಲಾಟಿನ ಗೋಡೆಯಲ್ಲಿ ಉಡುಪಿಯ ಗದ್ದೆಯ ಫೋಟೊ ತೂಗುಹಾಕಿದವರ ಕಾಲ ಕೆಳಗಿನ ನೆಲವೂ ಒಂದು ಕಾಲದ ಗದ್ದೆಯೇ. 1970ರಲ್ಲಿ ಸಿಡ್ಕೊ ಸ್ಥಾಪನೆಯಾದ ಮೇಲೆ ಹೊಸ ನಗರಕ್ಕಾಗಿ 95 ಹಳ್ಳಿಗಳ ಜಮೀನು ಹೋಯಿತು. ಆಗ್ರಿ ರೈತರ ಭತ್ತದ ಗದ್ದೆ, ಉಪ್ಪಿನ ಆಗರ, ಕೋಲಿ ಮೀನುಗಾರರ ಖಾಡಿ ಎಲ್ಲವೂ ಅದರಲ್ಲಿದ್ದವು. ಪರಿಹಾರ ಸಾಲದು ಎಂದು ಡಿ.ಬಿ. ಪಾಟೀಲರ ನೇತೃತ್ವದಲ್ಲಿ ಹೋರಾಟ ನಡೆಯಿತು. 1984ರ ಜನವರಿಯಲ್ಲಿ ಉರಣ್ ತಾಲೂಕಿನ ಜಾಸಯಿ ಭಾಗದಲ್ಲಿ ಪೊಲೀಸರ ಗುಂಡಿಗೆ 5 ಮಂದಿ ಬಲಿಯಾದರು. ಮುಂದೆ ಜಮೀನು ಕೊಟ್ಟವರಿಗೆ ಶೇ. 12.5ರಷ್ಟು ಅಭಿವೃದ್ಧಿಪಡಿಸಿದ ನಿವೇಶನ ಕೊಡುವ ಯೋಜನೆ ಬಂತು.

ಘಣಸೋಲಿಯಲ್ಲಿ ಎತ್ತರದ ಕಟ್ಟಡಗಳ ಪಕ್ಕದಲ್ಲೇ ಇಂದಿಗೂ ಹಳೆಯ ಗಾಂವ್‌ಠಾಣದ ಇಕ್ಕಟ್ಟಿನ ಗಲ್ಲಿಗಳಿವೆ. ಅಲ್ಲಿಯವರು ಊರು ಬಿಟ್ಟು ಬಂದವರಲ್ಲ. ಅವರ ಊರೇ ಅವರ ಸುತ್ತ ಬದಲಾಯಿತು. ಊರು ಕಳೆದುಕೊಳ್ಳುವುದು ಏನೆಂದು ಬಲ್ಲ ಕನ್ನಡಿಗ ಕಥೆಗಾರರಿಗೆ ಇವರ ಕಥೆ ದೂರದ್ದೇನಲ್ಲ, ಬರೆದದ್ದು ಮಾತ್ರ ಕಡಿಮೆ.

ಮನೆಯ ಮಟ್ಟಿಗೆ ಮಾಡಬಹುದಾದ ಕೆಲಸವೊಂದಿದೆ. ಗೋಡೆಯ ಫೋಟೊವನ್ನು ಕೆಳಗಿಳಿಸಿ ಅಜ್ಜಿಯ ಮುಂದೆ ಇಡಿ. ಕೂತವರು ಯಾರು, ಯಾವ ವರ್ಷ, ತೆಗೆದವರು ಯಾರು ಎಂದು ಕೇಳಿ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ. ಪೆನ್ನಿನ ಶಾಯಿ ಹಳೆಯ ಕಾಗದದಲ್ಲಿ ಹರಡುತ್ತದೆ. ಅಂಗಳದ ಅಂಚಿನಲ್ಲಿ ಎತ್ತಿನ ಹಗ್ಗ ಹಿಡಿದು ಯಾರಾದರೂ ನಿಂತಿದ್ದರೆ ಅವರ ಹೆಸರನ್ನೂ ಕೇಳಿ. ಅಜ್ಜಿಗೆ ನೆನಪಿದ್ದರೂ ಇರಬಹುದು.